ಮುಟ್ಟಿದ ಮೈಕ್ರೋಸ್ಕೋಪು

“ಗಂಡನ್ನ ಮಣ್ಣು ಮಾಡಿದ್ದಾಯ್ತಲ್ಲ, ಇಸ್ಕೂಲ್ ಸಾಮಾನು ತಂದ್ ಕೊಡೋಕೇನು ದಾಡಿ ಅಂತ ಕೇಳ್ಕಂಡ್ ಬಾ ಅಂದವ್ರೆ ಹೆಡ್ಮಾಷ್ಟ್ರು,” ಅಂದ ಶಾಲೆಯ ಜವಾನ ಜವರಪ್ಪ. “ಇದು ನನ್ ಮಾತಲ್ಲ ಕಣವ್ವ, ಅವರ್ದು.”

ತಿಥಿ ಮುಗಿದ ಮಾರನೆಯ ಬೆಳಿಗ್ಗೆ. ಹೂಟಗಳ್ಳಿಯ ನಮ್ಮ ವಠಾರದಲ್ಲಿ ನಲ್ಲಿ ಬಂದಿತ್ತು. ಹಿಂದಿನ ದಿನದವರೆಗೂ ನೀನು ಮೊದಲು ಹಿಡಿದುಕೋ ಎಂದು ದಾರಿ ಬಿಡುತ್ತಿದ್ದ ಹೆಂಗಸರು ಆ ದಿನ ನನ್ನ ಬಿಂದಿಗೆಯನ್ನು ಸಾಲಿನ ಕೊನೆಗೆ ಸರಿಸಿದ್ದರು.

ಅತ್ತೆ ಪುಟ್ಟತಾಯಮ್ಮ ಬಾಗಿಲಿಗೆ ಬಂದರು.

“ಸೂತಕ ಕಳ್ದು ಒಂದಿನ ಆಗ್ನಿಲ್ಲ. ಅವ್ನ ಬಾಯ್ಗೆ ಮಣ್ಣಾಕ. ನನ್ ಮಗ ಏನು ಕದ್ಕಂಡ್ ಬಂದಿದ್ನಾ?”

“ಅದ್ನೇ ಬರ್ಸ್ಕೊಬೇಕಂತೆ ಕಣವ್ವ,” ಅಂದ ಜವರಪ್ಪ, ನೆಲ ನೋಡುತ್ತ.

ನನ್ನ ಗಂಡ ಮಂಟೇಸ್ವಾಮಿ ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಗಣಿತ, ವಿಜ್ಞಾನದ ಮೇಷ್ಟ್ರು. ಆ ಎರಡು ವಿಷಯಗಳ ಕಲಿಕೆ ಸುಧಾರಿಸಲೆಂದು ಸರ್ಕಾರ ಶಾಲೆಗೊಂದು ಪೆಟ್ಟಿಗೆ ಕಳಿಸಿತ್ತು. ಮೈಕ್ರೋಸ್ಕೋಪು, ಅಯಸ್ಕಾಂತ, ಗಾಜಿನ ಜಾಡಿಗಳು. ಒಡೆದರೆ ಯಾರು ಉತ್ತರ ಹೇಳುವುದೆಂದು ಮುಖ್ಯೋಪಾಧ್ಯಾಯ ಸುಂದರೇಶ ಅವರು ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಅದು ಹೊರಗೆ ಬರುತ್ತಿತ್ತು. ಮೂರು ವರ್ಷದ ಗಂಧ ಕುಂಕುಮ ಮಸೂರದ ಮೇಲೆ ಒಣಗಿ ಕೂತಿತ್ತು.

ಕಳೆದ ದಸರೆಯ ಹೊತ್ತಿಗೆ ಇವರು ಹತ್ತು ದಿನದ ತರಬೇತಿ ಮುಗಿಸಿ ಬಂದಿದ್ದರು. ಉಪಕರಣವನ್ನು ಮಕ್ಕಳ ಕೈಗೇ ಕೊಡಿ ಎಂದು ಅಲ್ಲಿ ಹೇಳಿದ್ದರು. ಪೂಜೆಗೆ ಇಟ್ಟಿದ್ದ ಮೈಕ್ರೋಸ್ಕೋಪನ್ನು ಇವರು ಎತ್ತಿಕೊಂಡು ಅಂಗಿಯ ಅಂಚಿನಿಂದ ಕುಂಕುಮ ಒರೆಸಿದರು. ಮಂಗಳಾರತಿ ತಟ್ಟೆ ಹಿಡಿದಿದ್ದ ಸುಂದರೇಶ ಅವರು ಅಲ್ಲೇ ನಿಂತರು. ಪಕ್ಕದಲ್ಲಿ ಗಂಟೆ ಹಿಡಿದು ಜವರಪ್ಪನಿದ್ದ.

“ಮುಟ್ಬುಟ್ಯಲ್ಲಯ್ಯ. ಇನ್ನಿದಕ್ಕೆಂಥ ಪೂಜೆ? ತಗೊಂಡೋಗು, ನೀನೇ ಇಟ್ಕೊ.”

ಇವರು ನಗುತ್ತಲೇ ಮನೆಗೆ ತಂದರು. “ಬೈದಾದ್ರೂ ಕೊಟ್ರಲ್ಲ. ಮಕ್ಳೆಲ್ಲ ನೋಡ್ಲಿ, ಆಮೇಲೆ ವಾಪಸ್ ಕೊಟ್ಬುಡೋಣ,” ಅಂದರು.

ಶಿಕ್ಷಕರ ಕೋಣೆಯಲ್ಲಿ ಒಂದು ಸ್ಟೀಲ್ ಕೊಡ ಇತ್ತು. ಅದರ ನೀರು ಸುಂದರೇಶ ಅವರ ಕುವೆಂಪುನಗರದ ಮನೆಯಿಂದ ಸ್ಕೂಟರಿನಲ್ಲಿ ಬರುತ್ತಿತ್ತು. “ನಿಮ್ಗೆ ತೊಟ್ಟಿ ಇದೆಯಲ್ಲ,” ಎಂದು ಇವರಿಗೆ ಮೊದಲ ದಿನವೇ ಹೇಳಿದ್ದರು. ಆರು ವರ್ಷ ಇವರು ಮಕ್ಕಳ ಜೊತೆ ಶಾಲೆಯಂಗಳದ ತೊಟ್ಟಿಯ ನೀರು ಕುಡಿದರು. ಏಳನೆಯ ತರಗತಿಗೆ ಮೈಕ್ರೋಸ್ಕೋಪಿನಲ್ಲಿ ಮೊದಲು ತೋರಿಸಿದ್ದೂ ಆ ನೀರಿನ ಹನಿಯನ್ನೇ. ಮಕ್ಕಳಿಗೆ ಹುಳ ಕಂಡವು. ತೊಟ್ಟಿ ತೊಳೆಸಿ ಎಂದು ಇವರು ಮೇಲಿನ ಕಚೇರಿಗೆ ಅರ್ಜಿ ಬರೆದರು. ಯಾರೂ ತೊಳೆಯಲಿಲ್ಲ. ಜನವರಿಯಲ್ಲಿ ಮೂರು ಮಕ್ಕಳಿಗೆ ಕಾಮಾಲೆಯಾಯಿತು. ಆಮೇಲೆ ಇವರಿಗೆ. ಮಕ್ಕಳು ಉಳಿದರು.

ಇವರನ್ನು ಕೊಂದದ್ದು ಆ ಹುಳವಲ್ಲ. ಕೊಂದದ್ದು ಇನ್ನೂ ಚಿಕ್ಕದು. ಆ ಮಸೂರಕ್ಕೆ ಕಾಣುವುದಿಲ್ಲ.

ಮೈಕ್ರೋಸ್ಕೋಪನ್ನು ಇವರ ಪಂಚೆಯಲ್ಲಿ ಸುತ್ತಿಕೊಂಡು ಜವರಪ್ಪನ ಹಿಂದೆ ಶಾಲೆಗೆ ಹೊರಟೆ.

“ಅಲ್ಲೇ ನಿಂತ್ಕೊಳ್ಳಿ,” ಅಂದರು ಸುಂದರೇಶ ಅವರು. ನಾನು ಜಗುಲಿಯಲ್ಲಿ ನಿಂತೆ. ಜವರಪ್ಪ ನನ್ನ ಮುಂದೆ ಹಳೆಯ ಪೇಪರು ಹಾಸಿದ. ಅದರ ಮೇಲೆ ಎರಡು ಕಾಗದ, ಒಂದು ಪೆನ್ನು ಇಟ್ಟ. ಕೈಗೆ ಕೊಡಲಿಲ್ಲ.

ಮೊದಲನೆಯದು, ಗಂಡ ಸತ್ತವಳಿಗೆ ಸಿಗುವ ಅನುಕಂಪದ ಕೆಲಸಕ್ಕೆ ಸೂತಕದಲ್ಲೇ ನಾನು ಬರೆದು ಕಳಿಸಿದ್ದ ಅರ್ಜಿ. ಗುಮಾಸ್ತೆ ಎಂದು ನಾನು ಬರೆದಿದ್ದಲ್ಲಿ ಗೀರು ಹಾಕಿ, ‘ಡಿ ದರ್ಜೆ, ಶೌಚಾಲಯ ಸ್ವಚ್ಛತೆ’ ಎಂದು ತಿದ್ದಿದ್ದರು. ಅವರ ಸಹಿಯ ಜಾಗ ಖಾಲಿಯಿತ್ತು.

“ಸರ್, ನನ್ನದು ಗಣಿತದಲ್ಲಿ ಎಂ.ಎಸ್ಸಿ. ಆಗಿದೆ.”

“ಗೊತ್ತು ಕಣಮ್ಮ. ಮಾನಸಗಂಗೋತ್ರಿನಲ್ಲಿ ಓದಿದ್ರೆ ಕೈ ಬದಲಾಗುತ್ತಾ? ನಿಮ್ಮೋರಿಗೇನು ಹೊಸ ಕೆಲ್ಸಾನಾ ಇದು? ಕಕ್ಕಸು ನಾರ್ತಾ ಇದೆ ಇಲ್ಲಿ. ಮನೆಗೂ ಹತ್ರ.”

ಎರಡನೆಯದು ನನ್ನ ಹೆಸರಿನಲ್ಲಿ ಅವರೇ ಬರೆದಿದ್ದ ಹೇಳಿಕೆ. ‘ನನ್ನ ಪತಿ ಯಾರ ಅನುಮತಿಯೂ ಇಲ್ಲದೆ ಮೈಕ್ರೋಸ್ಕೋಪನ್ನು ಒಯ್ದಿದ್ದರು.’

“ಶುಕ್ರವಾರ ಆ ತೊಟ್ಟಿ ಅರ್ಜಿ ಹಿಡ್ಕೊಂಡು ಮೇಲಿನೋರು ಬರ್ತಾರೆ. ಕದ್ದೋನು ಬರ್ದಿದ್ದಕ್ಕೆ ಯಾವನು ಬೆಲೆ ಕೊಡ್ತಾನೆ? ನೀವು ಇದಕ್ಕೆ ಸೈನ್ ಹಾಕಿ, ನಾನು ಅದಕ್ಕೆ ಹಾಕ್ತೀನಿ. ಇಲ್ದಿದ್ರೆ ಅತ್ತೆ ಸೊಸೆ ಇಬ್ರೂ ಗಾರೆ ಹೊರೋಕೆ ಹೋಗಿ.”

“ತಗೊಂಡೋಗು ಅಂದೋರು ನೀವೇ ಅಲ್ವಾ ಸರ್.”

“ಯಾರು ಕೇಳಿಸ್ಕೊಂಡೋರು?” ಅವರು ತಿರುಗಿದರು. “ಏನಯ್ಯ ಜವರ, ನಾನು ಅಂದ್ನಾ?”

“ನಂಗೆ ಕಿವಿ ಮಂದ ಸ್ವಾಮಿ,” ಅಂದ ಜವರಪ್ಪ. ಅವರು ಮೆಲ್ಲಗೇ ಕೇಳಿದ್ದರು.

“ಮೈಕ್ರೋಸ್ಕೋಪನ್ನ ಆ ಪೇಪರ್ ಮೇಲೆ ಇಡಿ. ಇವ್ನು ನೀರು ಚಿಮುಕ್ಸಿ ಒಳಗಿಡ್ತಾನೆ.”

ನಾನು ಕೂತು ಪೆನ್ನು ಎತ್ತಿಕೊಂಡೆ. ಅವರು ಬರೆದಿದ್ದ ಸಾಲನ್ನು ಹೊಡೆದುಹಾಕಿದೆ. ಕೆಳಗೆ ಬರೆದೆ: ‘“ಮುಟ್ಬುಟ್ಯಲ್ಲಯ್ಯ, ತಗೊಂಡೋಗು” ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರಿಂದ ಒಯ್ದರು.’ ಸಹಿ ಹಾಕಿ, ದಿನಾಂಕ ಹಾಕಿ, ಮಡಿಸಿ ರವಿಕೆಯೊಳಗೆ ಇಟ್ಟುಕೊಂಡೆ.

“ಏಯ್, ಏನ್ ಬರ್ದೆ? ಕೊಡಿಲ್ಲಿ.”

ಅವರ ಕೈ ಮುಂದೆ ಬಂದು, ಮೈಗೆ ತಾಗದಷ್ಟು ದೂರದಲ್ಲಿ ನಿಂತಿತು. ಅವರು ಬಗ್ಗಿ ಮೊದಲನೆಯ ಕಾಗದವನ್ನು, ನನ್ನ ಅರ್ಜಿಯನ್ನು, ಎತ್ತಿಕೊಂಡು ನಾಲ್ಕು ಚೂರು ಮಾಡಿದರು.

“ಹೋಗು ಇನ್ನು. ಅದೆಲ್ಲಿ ಉಣ್ತೀಯೋ ಉಣ್ಣೋಗು.”

ನಾನು ತೊಟ್ಟಿಯ ಹತ್ತಿರ ಹೋದೆ. ಬಿಸಿಲು ಚೆನ್ನಾಗಿತ್ತು. ಮೈಕ್ರೋಸ್ಕೋಪನ್ನು ಕಟ್ಟೆಯ ಮೇಲಿಟ್ಟು ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ, ಅದರ ಜೊತೆಗಿದ್ದ ಗಾಜಿನ ಪಟ್ಟಿಯ ಮೇಲೆ ತೊಟ್ಟಿಯ ನೀರು ಒಂದು ಹನಿ ಬಿಟ್ಟೆ. ಏಳನೆಯ ತರಗತಿಯ ಗಗನ ಕರೆಯದೆಯೇ ಬಂದಳು. ಅವಳ ಹಿಂದೆ ಉಳಿದವರು.

“ಅಕ್ಕ, ಮೇಷ್ಟ್ರು ತೋರ್ಸಿದ್ವೇ ಇವು. ಇನ್ನೂ ಓಡಾಡ್ತವೆ.”

ಒಂದನೆಯ ತರಗತಿಯ ಹುಡುಗಿಯೊಬ್ಬಳನ್ನು ಎತ್ತಿ ತೋರಿಸಿದೆ. ಅವಳು ನೋಡಿದಳು, ನಕ್ಕಳು, ಕೆಳಗಿಳಿದಳು. ಆಮೇಲೆ ಅದೇ ತೊಟ್ಟಿಯ ನಲ್ಲಿ ತಿರುಗಿಸಿ ಬೊಗಸೆಯೊಡ್ಡಿದಳು. ಅವಳಿಗೆ ಬಾಯಾರಿತ್ತು. ಬೇರೆ ನೀರಿರಲಿಲ್ಲ.

ನಲ್ಲಿ ನಿಲ್ಲಿಸಿದೆ. ಜಗುಲಿ ಹತ್ತಿ, ಸುಂದರೇಶ ಅವರ ಪಕ್ಕದಿಂದಲೇ ಶಿಕ್ಷಕರ ಕೋಣೆಗೆ ಹೋಗಿ, ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಬಂದೆ. ಅವರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು.

“ನನ್ ಕೊಡ ಕಣೇ ಅದು, ಮುಂಡೆ.”

“ಮುಟ್ಬುಟ್ಟೆ ಸರ್,” ಅಂದೆ. “ಇನ್ನಿದು ನಿಮಗಾಗಲ್ಲ. ಮಕ್ಕಳೇ ಇಟ್ಕೊಳ್ಳಲಿ.”

ಕೊಡವನ್ನು ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದೆ. ಚಿಕ್ಕವಳು ಒಮ್ಮೆ ಜಗುಲಿಯ ಕಡೆ ನೋಡಿ, ಕುಡಿದಳು. ಗಂಟೆ ಹೊಡಿ ಎಂದು ಅವರು ಕೂಗುತ್ತಿದ್ದರು. ಜವರಪ್ಪ ನೀರು ಚಿಮುಕಿಸುವ ಚೊಂಬು ಹಿಡಿದು ನಿಂತೇ ಇದ್ದ. ಈ ಸಲ ಕೂಗಿದ್ದು ರಸ್ತೆಗೂ ಕೇಳುವಂತಿತ್ತು.

“ಜವರಪ್ಪ, ಮೇಷ್ಟ್ರು ತಗೊಂಡೋಗಿದ್ದು ವಾಪಸ್ ಬಂತು. ಬರೆದುಕೊಳ್ಳಿ,” ಅಂದೆ.

ಪಂಚೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡೆ. ಗೇಟು ದಾಟುವಾಗ ತಿರುಗಿದೆ. ಕಟ್ಟೆಯ ಸುತ್ತ ಮಕ್ಕಳ ತಲೆಗಳಷ್ಟೇ ಕಂಡವು. ಮೈಕ್ರೋಸ್ಕೋಪು ಕಾಣಲಿಲ್ಲ. ಕೋಣೆಯಲ್ಲಿ ಬೀರುವಿನ ಬಾಗಿಲು ಅದಕ್ಕಾಗಿ ತೆರೆದೇ ಇತ್ತು.