ಲಾಭದಿಂದ ಹತ್ತರವರೆಗೆ

ಮಾಲೂರಿನ ವಾಷರ್ ಕಾರ್ಖಾನೆಯಲ್ಲಿ ಭಾರತಮ್ಮ ಕಟ್ಟಿದ ಚೀಲವನ್ನು ಯಾರೂ ಮತ್ತೆ ಎಣಿಸುತ್ತಿರಲಿಲ್ಲ. ಚೀಲಕ್ಕೆ ಸಾವಿರ ವಾಷರ್ ಎಂದರೆ ಸಾವಿರವೇ. ಹನ್ನೊಂದು ವರ್ಷದಿಂದ ಹಾಗೇ ನಡೆದುಬಂದಿತ್ತು. ಅವಳಿಗೆ ಓದುಬರಹ ಅಷ್ಟಕ್ಕಷ್ಟೆ. ಎಣಿಕೆಗೆ ಬಂದರೆ ಮಾತ್ರ ಕಾರ್ಖಾನೆಗೆಲ್ಲ ಅವಳೇ ಮೇಷ್ಟ್ರು.

೧೯೮೭ರ ಬೇಸಿಗೆಯಲ್ಲಿ ಬೆಂಗಳೂರಿನಿಂದ ಎಣಿಸುವ ತಕ್ಕಡಿ ಬಂತು. ಮುಳ್ಳಿಲ್ಲ, ತೂಕದ ಕಲ್ಲಿಲ್ಲ, ಬರೀ ಕೆಂಪು ಅಂಕಿ. ಜೊತೆಗೆ ಬಂದ ಎಂಜಿನಿಯರ್ ವಿವರಿಸಿದ: "ಮೊದ್ಲು ಹತ್ತು ವಾಷರ್ ಎಣಿಸಿ ಹಾಕಿ. ಒಂದರ ತೂಕ ಎಷ್ಟು ಅಂತ ಇದು ತಿಳ್ಕೊಳುತ್ತೆ. ಆಮೇಲೆ ರಾಶಿ ಸುರಿದ್ರೂ ಎಷ್ಟಿದೆ ಅಂತ ಹೇಳ್ಬಿಡುತ್ತೆ."

"ಹಂಗಾದ್ರೆ ನಾವು ಮನೆಗೋಗಿ ರಾಗಿ ಬೀಸೋದೇನಾ?" ಎಂದಳು ಪಕ್ಕದಲ್ಲಿ ಕೂರುವ ಮುನಿಯಲ್ಲಮ್ಮ. ಭಾರತಮ್ಮ ನಗಲಿಲ್ಲ. ಅದೇ ಭಯ ಅವಳಿಗೂ ಇತ್ತು.

ಹತ್ತು ಎಣಿಸುವ ಮರ್ಯಾದೆ ಸೂಪರ್‌ವೈಸರ್ ಕೋದಂಡರಾಮಪ್ಪನವರಿಗೆ ಸಿಕ್ಕಿತು. ತಾಯಲೂರಿನ ರೈತರ ಮನೆಯವರು, ಕಣದಲ್ಲಿ ರಾಗಿ ಅಳೆದು ಬೆಳೆದವರು. ಅಳೆಯುವಾಗ ಮೊದಲ ಬಳ್ಳಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ, ಮುಂದಿನದು ಎರಡು. ಆ ರೂಢಿಯಲ್ಲೇ ಮೊದಲ ವಾಷರನ್ನು ತಟ್ಟೆಗೆ ಹಾಕಿ "ಲಾಭ" ಎಂದರು.

"ಏನ್ ಸಾರ್ ಅದು?" ಎಂದು ಎಂಜಿನಿಯರ್ ನಕ್ಕ.

ಪಟ್ಟಣದವನ ಮುಂದೆ ಕೋದಂಡರಾಮಪ್ಪನವರಿಗೆ ನಾಚಿಕೆಯಾಯಿತು. ಗಂಟಲು ಸರಿಮಾಡಿಕೊಂಡು "ಒಂದು, ಎರಡು" ಎಂದು ಹೊಸದಾಗಿ ಶುರುಮಾಡಿ ಹತ್ತಕ್ಕೆ ನಿಲ್ಲಿಸಿದರು. ಎಂಜಿನಿಯರ್ ಗುಂಡಿ ಒತ್ತಿ, ಆ ವಾಷರ್‌ಗಳನ್ನು ಬಟ್ಟಲಿಗೆ ಹಾಕಿ ಪಕ್ಕಕ್ಕಿಟ್ಟ. ಆಮೇಲೆ ಭಾರತಮ್ಮನ ಒಂದು ಚೀಲ ಬಿಚ್ಚಿ ತಟ್ಟೆಗೆ ಸುರಿದ. ತಕ್ಕಡಿ ಒಂಬೈನೂರ ಒಂಬತ್ತು ಎಂದು ತೋರಿಸಿತು.

"ಏನಮ್ಮಾ ಭಾರತಮ್ಮ, ಇಷ್ಟು ವರ್ಷಾನೂ ಹಿಂಗೇನಾ?" ಎಂದರು ಹೊಸ ತಕ್ಕಡಿ ನೋಡಲು ಬಂದು ನಿಂತಿದ್ದ ಮಾಲೀಕರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಮೆತ್ತನೆಯ ಮಾತಿಗೆ ಅವಳ ಕಣ್ಣು ತುಂಬಿತು. ಕೆಲಸ ಹೋದರೆ ಹೋಗಲಿ, ಮೋಸಗಾತಿ ಎಂಬ ಹೆಸರು ಹೊತ್ತು ಮನೆಗೆ ಹೋಗುವುದು ಹೇಗೆ? ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತು, ಎಲ್ಲರೂ ನೋಡುತ್ತಿದ್ದಂತೆ ಐದೈದರಂತೆ ಅಷ್ಟನ್ನೂ ಎಣಿಸಿದಳು. ಸಾವಿರ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

"ಮಿಷಿನ್ ತಪ್ಪು ಹೇಳಲ್ಲ," ಎಂದ ಎಂಜಿನಿಯರ್. ದನಿ ಮಾತ್ರ ಇಳಿದಿತ್ತು.

"ಅದಕ್ಕೆ ಹೇಳ್ಕೊಟ್ಟೋರು ತಪ್ಪಿರಬೋದಲ್ಲ ಸ್ವಾಮಿ?"

ಹಾಗೆಂದಾಗಲೇ ಅವಳಿಗೆ ಆ ಲಾಭ ನೆನಪಾಯಿತು. ಬಟ್ಟಲನ್ನು ಅಂಗೈಗೆ ಬಗ್ಗಿಸಿಕೊಂಡು ಎಣಿಸಿದಳು. ಐದು, ಇನ್ನೊಂದೈದು, ಮೇಲೊಂದು.

"ಹನ್ನೊಂದು ಹಾಕಿ ಹತ್ತು ಅಂದಿದೀರ ಕೋದಂಡರಾಮಣ್ಣ! ಮತ್ತೆ ಒಂದರಿಂದ ಶುರು ಮಾಡಿದ್ರಿ, ಲಾಭಾನ ತಟ್ಟೇಲೇ ಬಿಟ್ರಿ! ಹನ್ನೊಂದರ ತೂಕಾನ ಹತ್ತರದು ಅಂತ ತಿಳ್ಕೊಂಡು ಅದು ಕಮ್ಮಿ ತೋರಿಸ್ತು!"

ಕೋದಂಡರಾಮಪ್ಪ "ದೇವುಡಾ" ಎಂದು ನಾಲಿಗೆ ಕಚ್ಚಿಕೊಂಡರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಲ್ಲಪ್ಪ!" ಎಂದು ಮುನಿಯಲ್ಲಮ್ಮ ಬಿದ್ದು ಬಿದ್ದು ನಕ್ಕಳು. ಮಾಲೀಕರೂ ನಕ್ಕರು, ಆಮೇಲೆ ಕೈಮುಗಿದರು.

"ತಪ್ಪಾಯ್ತು ಕಣಮ್ಮ. ಇನ್ಮೇಲೆ ಈ ತಕ್ಕಡಿ ನಿಂದು. ಹತ್ತು ಎಣಿಸಿ ಕೊಡೋ ಕೈ ಸರಿಯಿಲ್ದಿದ್ರೆ ಇದಿದ್ದೂ ದಂಡ. ಮುನಿಯಲ್ಲಮ್ಮ ಚೀಲ ಕಟ್ಲಿ."

ಭಾರತಮ್ಮ ಕಣ್ಣೊರೆಸಿಕೊಂಡು ಮೊದಲ ವಾಷರನ್ನು ತಟ್ಟೆಗೆ ಹಾಕಿದಳು. "ಲಾಭ," ಎಂದಳು, ಕಾರ್ಖಾನೆಗೆಲ್ಲ ಕೇಳುವ ಹಾಗೆ. ಈ ಸಲ ಎಂಜಿನಿಯರ್ ನಗಲಿಲ್ಲ. "ಎರಡು," ಎಂದು ತಾನೇ ಮುಂದುವರಿಸಿದ.

ಹತ್ತಾದ ಮೇಲೆ ಗುಂಡಿ ಒತ್ತಿ ಚೀಲ ಸುರಿದರು. ಕೆಂಪು ಅಂಕಿಗಳು ಅತ್ತಿತ್ತ ಓಡಾಡಿ ಸಾವಿರಕ್ಕೆ ಬಂದು ನಿಂತವು. ಭಾರತಮ್ಮನಿಗೆ ಹಿಗ್ಗು ತಡೆಯಲಾಗಲಿಲ್ಲ. ತಕ್ಕಡಿಯ ಬೆನ್ನು ತಟ್ಟಿ, "ಈಗ ಎಣಿಕೆ ಕಲಿತೆ ನೋಡು," ಎಂದಳು.