ನೀಲಿ ಅಂಗಿಯವನಿಗೆ ನೀರು

ಮಗಳು ಕರಿ ಎಳ್ಳು ತೊಳೆಯುತ್ತಿದ್ದಾಗ ಅಣ್ಣ ಅಡುಗೆಮನೆಗೆ ನುಗ್ಗಿ ಬಟ್ಟಲನ್ನೇ ಕಿತ್ತುಕೊಂಡ.

"ತಲೆ ಕೆಟ್ಟಿದ್ಯೇನೇ ನಿಂಗೆ? ನಡುಮನೇಲಿ ಅಪ್ಪನ್ನ ಮಲಗಿಸಿದೀವಿ, ನೀನಿಲ್ಲಿ ತರ್ಪಣಕ್ಕೆ ಅಣಿ ಮಾಡ್ತಿದ್ದೀಯ!"

"ಇವತ್ತು ಅಮಾವಾಸ್ಯೆ ಕಣೋ. ಅಪ್ಪ ಒಂದು ಅಮಾವಾಸ್ಯೆನೂ ತಪ್ಪಿಸಿದೋರಲ್ಲ."

"ಅವರೇ ಹೋದ್ರಲ್ಲೇ, ಇನ್ನೇನು?"

ಬಾಗಿಲಲ್ಲಿ ನಿಂತಿದ್ದ ಪುರೋಹಿತರು ಮೆಲ್ಲಗೆ ಹೇಳಿದರು. "ಸೂತಕ ಬಂದಿದೆ ಮಗಳೇ. ಹತ್ತು ದಿನ ಈ ಮನೇಲಿ ನೀರು ಬಿಡೋದು ನಿಮ್ಮಪ್ಪನಿಗೆ ಮಾತ್ರ. ಮಿಕ್ಕವರೆಲ್ಲ ಕಾಯಬೇಕು."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಗೆ ಬಂದಳು. ಬೆಳಗ್ಗೆ ತರ್ಪಣಕ್ಕೆಂದು ಸ್ನಾನಕ್ಕೆ ಹೋದ ಅಪ್ಪ ಬಚ್ಚಲಲ್ಲೇ ಕುಸಿದಿದ್ದರು. ತಲೆಯ ಮೇಲೆ ಎರಡು ಚೊಂಬು ನೀರು ಬಿದ್ದ ಸದ್ದಾಗಿತ್ತು, ಮೂರನೆಯದು ಆಗಲಿಲ್ಲ. ಈಗ ನಡುಮನೆಯಲ್ಲಿ, ಮೂಗಿಗೆ ಹತ್ತಿ ಇಟ್ಟುಕೊಂಡು, ಯಾರದೋ ಮಾತಿಗೆ ಒಪ್ಪದವರ ಹಾಗೆ ಮುಖ ಬಿಗಿದು ಮಲಗಿದ್ದರು.

ಮೂವತ್ತನಾಲ್ಕು ವರ್ಷ ಅವರು ದೊಡ್ಡಾಸ್ಪತ್ರೆಯ ಶವಾಗಾರದಲ್ಲಿ ಜವಾನರಾಗಿದ್ದವರು. ಹೆಣ ಮುಟ್ಟುವವರ ಮನೆಯೆಂದು ನೆಂಟರು ಹೊಟ್ಟೆ ತುಂಬಿಸಿಕೊಂಡೇ ಬರುತ್ತಿದ್ದರು. "ನಮ್ಮನೇಲಿ ಅಕ್ಕಿ ಖರ್ಚೇ ಇಲ್ಲ, ನೋಡು" ಎಂದು ಅಪ್ಪ ನಗುತ್ತಿದ್ದರು. ಅಮ್ಮ ನಗುತ್ತಿರಲಿಲ್ಲ. ಅದೇ ಕೊರಗಿನಲ್ಲಿ ಹೋಗಿಬಿಟ್ಟಳು.

ಅಮಾವಾಸ್ಯೆಯ ದಿನ ಮಾತ್ರ ಅಪ್ಪ ನಗುತ್ತಿರಲಿಲ್ಲ. ಒದ್ದೆ ಪಂಚೆಯಲ್ಲಿ ಹಿತ್ತಿಲಿಗೆ ಬಂದು, ಬೆರಳಿಗೆ ದರ್ಭೆಯ ಉಂಗುರ ತೊಟ್ಟು, ತೆಂಕಣಕ್ಕೆ ಮುಖ ಮಾಡಿ ಕೂರುತ್ತಿದ್ದರು. ಮೊದಲು ಮೂರು ತಲೆಮಾರಿನ ಹಿರಿಯರಿಗೆ ನೀರು. ಪುರೋಹಿತರು ಮಂತ್ರ ಮುಗಿಸಿ ಎದ್ದ ಮೇಲೆ ಅಪ್ಪನದೇ ಇನ್ನೊಂದು ಸರದಿ. ಬಸ್ ನಿಲ್ದಾಣದ ಮೆಟ್ಟಿಲ ಮೇಲೆ ಸಿಕ್ಕವನಿಗೆ. ಮುಂಗೈ ಮೇಲೆ ಚೇಳಿನ ಹಚ್ಚೆ ಇದ್ದವಳಿಗೆ. ಹೆಸರಿಡುವ ಮುಂಚೆಯೇ ಬಂದ ಕೂಸಿಗೆ. ಯಾರೂ ಕೇಳಿಕೊಂಡು ಬಾರದ ಅಷ್ಟೂ ಹೆಣಗಳಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಎಳ್ಳುನೀರು. ಎಲ್ಲರ ಕೊನೆಗೆ, ದನಿ ತಗ್ಗಿಸಿ, "ನೀಲಿ ಅಂಗಿಯವನಿಗೆ."

"ಯಾರೂ ಇಲ್ಲದವರಿಗೆ ಅಂತ ಒಂದೇ ಸಲ ಬಿಟ್ರೆ ಸಾಕಪ್ಪ" ಎಂದು ಪುರೋಹಿತರು ಎಷ್ಟೋ ಸಲ ಹೇಳಿದ್ದುಂಟು. ಅಪ್ಪ ಕೇಳಿರಲಿಲ್ಲ.

*

ಕಳೆದ ವರ್ಷದ ಒಂದು ಅಮಾವಾಸ್ಯೆ. ಅಪ್ಪನ ಕೈ ನಡುಗುತ್ತಿದ್ದುದರಿಂದ ನೀರು ಹಾಕುವ ಕೆಲಸ ಮಗಳದಾಗಿತ್ತು. ಮರೆವೂ ಶುರುವಾಗಿತ್ತು. ಕೊನೆಯ ಬೊಗಸೆಗೆ ಅಪ್ಪ, ನೀಲಿ ಅಂಗಿಯವನಿಗೆ ಎನ್ನುವ ಬದಲು, "ಇಸ್ತ್ರಿಯವಳ ಮಗನಿಗೆ" ಎಂದುಬಿಟ್ಟರು.

ಅವಳ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. "ಯಾವ ಇಸ್ತ್ರಿಯವಳು ಅಪ್ಪ? ಆಸ್ಪತ್ರೆ ಗೇಟಿನ ಅಜ್ಜಿನಾ?"

ಅಪ್ಪ ಅಂಗೈಯ ಎಳ್ಳನ್ನು ಬೆರಳಿನಿಂದ ಒಟ್ಟುಮಾಡಿದರು.

"ಅವನ ಹೆಣಾನ ಏಳು ದಿನ ಇಡ್ಬೇಕಿತ್ತು ಪುಟ್ಟಿ. ಜಾಗ ಇರ್ಲಿಲ್ಲ. ನಾಲ್ಕನೇ ದಿನವೇ ಏಳು ದಿನ ಆಯ್ತು ಅಂತ ಬರೆದು ಸುಡೋಕೆ ಕಳಿಸ್ದೆ. ಐದನೇ ದಿನ ಅವಳು ಫೋಟೋ ಹಿಡ್ಕೊಂಡು ಬಂದ್ಲು. ನೋಡಿದ ತಕ್ಷಣ ಗೊತ್ತಾಯ್ತು. ಬಂದಿಲ್ಲಮ್ಮ, ಅಂದೆ. ಕೆಲಸ ಹೋಗತ್ತೆ ಅಂತ ಹೆದರಿಕೆ. ನೀನಾಗ ಅಮ್ಮನ ಹೊಟ್ಟೇಲಿದ್ದೆ."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲಪ್ಪ."

"ಮುಂದಿನ ಸಲ ಬಂದಾಗ ಹೇಳೋಣ ಅಂದ್ಕೊಂಡೆ. ಅವಳು ಗೇಟಿನ ಮುಂದೇನೆ ಇಸ್ತ್ರಿ ಗಾಡಿ ಹಾಕ್ಕೊಂಡು ಕೂತ್ಬಿಟ್ಲು. ವಾರಕ್ಕೊಂದ್ಸಲ ಬಂದು ಕೇಳೋಳು. ಇಪ್ಪತ್ತಾರು ವರ್ಷ ಆಯ್ತು." ಆಮೇಲೆ ಕೇಳಿದರು, "ನಾನು ಹೋದ್ಮೇಲೆ ನೀನು ಹೇಳ್ತೀಯಾ?"

ಅವಳು ಚೊಂಬು ಬಗ್ಗಿಸಿ ಅಪ್ಪನ ಬೊಗಸೆಗೆ ನೀರು ಹಾಕಿದಳು.

*

ಅಪ್ಪ ಹೋದ ಸುದ್ದಿ ಕೇಳಿ ಹನ್ನೊಂದರ ಹೊತ್ತಿಗೆ ಇಸ್ತ್ರಿ ಅಜ್ಜಿ ಬಂದಳು. ಕಂಕುಳಲ್ಲಿ ಗರಿಗರಿಯಾದ ಬಿಳಿ ಪಂಚೆ. ಅದನ್ನು ಬಿಡಿಸಿ, ಮಡಿಕೆಯ ಗೆರೆ ನೆಟ್ಟಗೆ ಬರುವಂತೆ ಅಪ್ಪನ ಮೇಲೆ ಹೊದಿಸಿ, ಮಗಳ ಪಕ್ಕ ಕೂತಳು.

"ಪುಣ್ಯಾತ್ಮ ಕಣವ್ವ. ಒಂದಿನ ಗದರ್ಲಿಲ್ಲ, ಬೇಜಾರು ಮಾಡ್ಕೊಳ್ಲಿಲ್ಲ. ರಿಟೈರಾದ್ಮೇಲೂ ಹೊಸಬರನ್ನ ವಿಚಾರಿಸಿ ಹೇಳೋನು. 'ಬಂದಿಲ್ಲಮ್ಮ' ಅಂತ ಅವನ ಬಾಯಲ್ಲಿ ಕೇಳಿದ್ರೆ ಅವತ್ತು ಎರಡು ತುತ್ತು ಗಂಟಲಲ್ಲಿ ಇಳಿಯೋದು." ಮೂಗು ಒರೆಸಿಕೊಂಡಳು. "ಇನ್ನು ಯಾರನ್ನ ಕೇಳ್ಲಿ, ಹೇಳು?"

'ನನ್ನನ್ನೇ ಕೇಳಿ ಅಜ್ಜಿ, ಬಂದಿಲ್ಲ' ಎಂಬ ಮಾತು ಮಗಳ ನಾಲಿಗೆಯ ತುದಿಗೇ ಬಂದಿತ್ತು. ಅದೆಷ್ಟು ಸಲೀಸಾಗಿ ಬಂದಿತ್ತೆಂದರೆ ಅವಳಿಗೇ ಭಯವಾಯಿತು. ಅಪ್ಪನಿಗೂ ವಾರವಾರವೂ ಹೀಗೇ ಬಂದಿರಬೇಕು.

"ಬಂದಿದ್ದ, ಅಜ್ಜಿ."

"ಯಾರು?"

"ನಿಮ್ಮ ಮಗ. ನೀವು ಫೋಟೋ ತರೋ ಹಿಂದಿನ ದಿನವೇ ಸುಟ್ಟುಬಿಟ್ಟಿದ್ರು. ಅಪ್ಪ ಹೆದರ್ಕೊಂಡು ಮುಚ್ಚಿಟ್ರು."

ಅಣ್ಣ ಬಂದು ಅವಳ ರಟ್ಟೆ ಹಿಡಿದ. "ಏನೇ ಬೊಗಳ್ತಿದ್ದೀಯ? ಹೆಣದ ಮುಂದೆ!"

ಅಜ್ಜಿ ಅವನ ಕಡೆ ನೋಡಲೇ ಇಲ್ಲ. "ಯಾವ ಅಂಗಿ ಹಾಕಿದ್ದ?"

"ನೀಲಿ. ಮೇಲಿನ ಗುಂಡಿ ಕಪ್ಪು, ಮಿಕ್ಕವೆಲ್ಲ ಬಿಳಿ ಅಂತೆ."

"ಬಿಳೀದು ಸಿಗ್ಲಿಲ್ಲ" ಎಂದಳು ಅಜ್ಜಿ. "ಇದ್ದಿದ್ದನ್ನೇ ಹೊಲಿದಿದ್ದೆ."

ಅಣ್ಣನ ಹಿಡಿತ ಸಡಿಲವಾಯಿತು. ಮಗಳಿಗೆ ಏನಾದರೂ ಕೊಡಬೇಕೆನ್ನಿಸಿತು. "ನೀರು ಬಿಟ್ಟಿದಾರೆ ಅಜ್ಜಿ. ಇಷ್ಟು ವರ್ಷದಲ್ಲಿ ಒಂದು ಅಮಾವಾಸ್ಯೆನೂ ತಪ್ಪಿಸಿಲ್ಲ."

"ಯಾರನ್ನ ಕೇಳಿ ಬಿಟ್ಟ?" ಅಜ್ಜಿಯ ದನಿ ಏರಲಿಲ್ಲ. "ನಾನಿಲ್ಲಿ ನನ್ನ ಮಗ ನೂರು ವರ್ಷ ಬಾಳ್ಲಿ ಅಂತ ದೀಪ ಹಚ್ತಿದ್ರೆ, ಅವನಿಗೆ ಎಳ್ಳುನೀರು ಬಿಡೋಕೆ ಇವನ್ಯಾರು?"

ಪಂಚೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು. ಕಿತ್ತೆಸೆಯುತ್ತಾಳೆ ಎಂದುಕೊಂಡರು ಎಲ್ಲ. ಅವಳು ಬಿಟ್ಟುಬಿಟ್ಟಳು. ಅಪ್ಪನ ಎದೆಯ ಮೇಲೆ ಬಟ್ಟೆ ಮುದುಡಿಕೊಂಡೇ ಉಳಿಯಿತು. ಯಾರಿಗೂ ಅದನ್ನು ಸರಿಪಡಿಸುವ ಧೈರ್ಯವಾಗಲಿಲ್ಲ.

"ಹೊತ್ತಾಯ್ತು, ಎತ್ತಿ" ಎಂದರು ಪುರೋಹಿತರು, ಯಾರ ಮುಖವನ್ನೂ ನೋಡದೆ.

ಶವದ ಗಾಡಿ ಓಣಿಯಲ್ಲಿ ಮೂತಿ ತಿರುಗಿಸಿ ನಿಂತಿತ್ತು. ಅಪ್ಪನನ್ನು ಏರಿಸುವಷ್ಟರಲ್ಲಿ ಅಜ್ಜಿ ಗಾಡಿಯನ್ನು ದಾಟಿ, ಓಣಿಯ ನಟ್ಟನಡುವೆ ನಡೆಯತೊಡಗಿದ್ದಳು. ಚಾಲಕ ಹಾರ್ನ್ ಒತ್ತಿದ. ಅವಳು ತಿರುಗಲಿಲ್ಲ. ಇನ್ನೊಮ್ಮೆ ಒತ್ತಲು ಹೋದವನ ಕೈಯನ್ನು ಪಕ್ಕದಲ್ಲಿ ಕೂತಿದ್ದ ಅಣ್ಣ ಹಿಡಿದುಕೊಂಡ.

"ಬೇಡ. ನಿಧಾನ ಹೋಗು."

ಹೊಸ್ತಿಲಲ್ಲಿ ನಿಂತ ಮಗಳಿಗೆ ಕಾಣುತ್ತಿತ್ತು: ಎರಡೂ ಬದಿ ಮನೆಗಳ ಬಾಗಿಲು ತೆರೆದಿವೆ, ಅಜ್ಜಿ ಅಲ್ಲಲ್ಲಿ ನಿಂತು ಉಸಿರು ಎಳೆದುಕೊಳ್ಳುತ್ತಾಳೆ, ಅವಳು ನಿಂತಾಗ ಅಪ್ಪನ ಗಾಡಿಯೂ ಅವಳ ಬೆನ್ನ ಹಿಂದೆ ನಿಲ್ಲುತ್ತದೆ, ಅವಳು ಹೆಜ್ಜೆ ಕಿತ್ತರೆ ಮತ್ತೆ ತೆವಳುತ್ತದೆ.