ರಾಮವ್ವಗ ಗೊತ್ತಿಲ್ಲದ ಖಬರ

ಯಾರ ಎಮ್ಮಿ ಈದೈತಿ, ಯಾರ ಮನಿಗೆ ಬೀಗರು ಬಂದಾರ, ಯಾರ ಸಾರಿಗೆ ಉಪ್ಪು ಹೆಚ್ಚಾಗೈತಿ, ಎಲ್ಲಾ ನಮ್ಮ ರಾಮವ್ವಗ ಗೊತ್ತು. ನಾನು ಆಕಿ ಮಗ್ಗಲ ಮನಿ ಗದಿಗೆವ್ವ, ಮಹಿಳಾ ಸಂಘದಾಕಿ. ಯುಗಾದಿ ಆದಮ್ಯಾಲ ಬಸ್ ಸ್ಟ್ಯಾಂಡಿನ್ಯಾಗ ಬ್ಯಾನರ್ ಕಟ್ಟೂ ಸಲುವಾಗಿ ನಮ್ಮ ಓಣಿಯವರು, ಮಸೂತಿ ಓಣಿಯವರು ಹೊಡದಾಡಿದ್ರು. ರಾಮವ್ವನ ಮಗ ಸೋಮೇಶನ ತಲಿಗೆ ಕಲ್ಲು ಬಿತ್ತು. ಪೊಲೀಸರು ಬಂದ್ರು, ಜಗಳ ನಿಂತಿತು. ಮಾತೂ ನಿಂತಿತು. ನಾವು ಮಸೂತಿ ಓಣಿಗೆ ಹೋಗವಲ್ಲಿವಿ, ಅವರು ನಮ್ಮ ಓಣಿಗೆ ಬರವಲ್ಲರು.

ಇಂಥಾದ್ರಾಗ ರಾಮವ್ವನ ಸೊಸಿ ಕಾವೇರಿ ಕುಬಸ ಬಂತು. ಬಸರಿ ಹೆಣ್ಣಮಗಳಿಗೆ ಹಸಿರು ಬಳಿ ಇಡಸಬೇಕಲ್ಲ?

"ಅತ್ತಿ, ಬಳಿ ಇಡಾಕ ಫಕೀರಬಿ ಚಿಗವ್ವನ್ನ ಕರೀರಿ. ನನ್ನ ಮದುವಿ ಬಳೀನೂ ಆಕೀನ ಇಟ್ಟಾಳ" ಅಂದ್ಲು ಕಾವೇರಿ. ಫಕೀರಬಿ ಮಸೂತಿ ಓಣಿ ಬಳಿಗಾರ್ತಿ.

ರಾಮವ್ವ ಉರದ ಬಿದ್ಲು. "ಗಂಡನ ತಲಿ ಒಡದವರ ಕೈಲೆ ಬಳಿ ಇಡಿಸ್ಕೋತೀಯೇನು? ಲಕ್ಷ್ಮೇಶ್ವರದಾಗ ತಂದ್ರಾತು!"

ಕಾವೇರಿ ಅಳಾಕ ಹತ್ತಿದ್ಲು. ನನಗ ತಡೀಲಿಲ್ಲ.

"ಫಕೀರಬಿ ಕಲ್ಲು ಒಗದಾಳೇನು?"

"ಆಕಿ ಅಲ್ಲ, ಅವರು!"

"ಅವರಂದ್ರ ಯಾರು?" ರಾಮವ್ವ ಮಾರಿ ತಿರುವಿದ್ಲು. ನಾ ಬಿಡಲಿಲ್ಲ. "ಹೋಗಲಿ, ಫಕೀರಬಿ ವಾರಕ್ಕೊಮ್ಮೆ ಬಳಿ ಬುಟ್ಟಿ ಹೊತ್ತು ಬರತಿದ್ಲು, ಈಗ್ಯಾಕ ಬರವಲ್ಲಳು?"

"ಸೊಕ್ಕು! ಮತ್ತೇನು?"

"ಕೇಳೀಯೇನು?"

"ಇಲ್ಲ."

"ಅಯ್ಯ ಶಿವನ! ಊರ ಖಬರೆಲ್ಲಾ ನಿನ್ನ ಹಂತ್ಯಾಕ ಐತಿ, ಇದೊಂದು ಗೊತ್ತಿಲ್ಲೇನು?"

ಆ ಮಾತು ಆಕಿಗೆ ನಟ್ಟಿತು. ಮತ್ತ ನಾ ಹೇಳಿದೆ: "ಮುಂಡರಗ್ಯಾಗ ನಮ್ಮ ಸಂಘದ ತರಬೇತ್ಯಾಗ ಹೇಳ್ಯಾರ. ಒಬ್ಬರನ್ನೊಬ್ಬರು ಕೊಂದ ದೇಶದಾಗೂ ಜನ ಮತ್ತ ಒಂದಾಗಿ ಬಾಳೇವು ಮಾಡಾಕತ್ತಾರಂತ. ಮೊದಲು ಎದುರಾಬದುರು ಕುಂಡ್ರತಾರ. ತಪ್ಪು ಯಾರದು ಅಂತ ಶುರು ಮಾಡೂದಿಲ್ಲ, ನಿನಗೇನಾತು ಅಂತ ಕೇಳತಾರ."

"ನಾ ಮೊದಲ ಹೋದ್ರ ಸೋತಂಗ ಆಗೂದಿಲ್ಲೇನು?"

"ಮಂದಿ ಸುದ್ದಿ ಕೇಳಾಕ ನೀ ಯಾವಾಗ ನಾಚೀದಿ ಬೇ?"

ಕಡಿಗೂ ನನ್ನ ಕೂಡ ಫಕೀರಬಿ ಮನಿಗೆ ಬಂದ್ಲು. ನಮ್ಮನ್ನ ಕಂಡು ಫಕೀರಬಿ ಗಾಬರಿ ಆದ್ಲು. ಕೌದಿ ಹಾಸಿದ್ಲು. ರಾಮವ್ವನ ಕಣ್ಣು ಮನಿ ತುಂಬ ತಿರಗಾಡಿ, ಫಕೀರಬಿ ಬಲಗೈ ಮ್ಯಾಲೆ ನಿಂತ್ವು. ಮಣಿಕಟ್ಟು ಸೊಟ್ಟ ಆಗಿತ್ತು.

"ಅಯ್ಯ, ಕೈಗೇನಾತ ಬೇ?"

"ಆ ಗದ್ಲದಾಗ ನೂಕಿದ್ರು ಅಕ್ಕಾ. ಬುಟ್ಟಿ ಮ್ಯಾಲೆ ಬಿದ್ದೆ. ಬಳಿ ಚೂರಾದ್ವು, ಕೈ ಮುರೀತು. ಯಾರೂ ಎಬ್ಬಸಲಿಲ್ಲ." ಮತ್ತ ತಾನ ಕೇಳಿದ್ಲು: "ಸೋಮೇಶನ ಗಾಯ ಮಾಯ್ತೇನ್ರಿ? ಕೇಳಾಕ ಬರಬೇಕಂದ್ರ ಅಂಜಿಕಿ."

"ಮಾಯ್ತವಾ. ಆದ್ರ ಈಗೂ ನಿದ್ದಿಯೊಳಗ ಬೆಚ್ಚತಾನ" ಅಂತ ರಾಮವ್ವ ಸೆರಗಿನಿಂದ ಕಣ್ಣ ಒರಸ್ಕೊಂಡ್ಲು. ಕಲ್ಲು ಯಾರು ಒಗದ್ರು, ಯಾರು ನೂಕಿದ್ರು, ಇಬ್ಬರಿಗೂ ಗೊತ್ತಿಲ್ಲ. ಕೇಸ್ ನಡದೈತಿ, ತಪ್ಪು ಮಾಡಿದವರಿಗೆ ಶಿಕ್ಷಾ ಆಗಲಿ.

"ಶುಕ್ರವಾರ ಕಾವೇರಿ ಕುಬಸ. ಬಳಿ ಇಡಾಕ ನೀ ಬರಬೇಕು" ಅಂದ್ಲು ರಾಮವ್ವ.

ಫಕೀರಬಿ ತಲಿ ತಗ್ಗಿಸಿದ್ಲು. "ಈ ಕೈಗೆ ಹಿಡಿತ ಇಲ್ಲಕ್ಕಾ. ಬಳಿ ಒಡೀತಾವ. ಬಸರಿ ಕೈಯಾಗ ಬಳಿ ಒಡೀಬಾರದು."

ರಾಮವ್ವ ಯೋಚನಿ ಮಾಡಿದ್ಲು. "ಹೆಂಗ ಇಡೂದು ನೀ ಹೇಳಿಕೊಡು. ನಾ ಇಡತೀನಿ."

ಶುಕ್ರವಾರ ರಾಮವ್ವ ತಾನ ಹೋಗಿ ಫಕೀರಬಿನ್ನ ಕರಕೊಂಡು ಬಂದ್ಲು. ಓಣ್ಯಾಗ ಯಾರ್ಯಾರೋ ಗುಸುಗುಸು ಅಂದ್ರು, ಆಕಿ ತಿರುಗಿ ನೋಡಲಿಲ್ಲ. ಫಕೀರಬಿ ಎಡಗೈಲೆ ಕಾವೇರಿ ಅಂಗೈ ಮೆತ್ತಗ ಒತ್ತಿ ಹಿಡದ್ಲು, "ಈಗ ಜಾರಸ್ರಿ ಅಕ್ಕಾ" ಅಂದ್ಲು. ರಾಮವ್ವ ಜಾರಸಿದ್ಲು. ಒಂದು ಬಳೀನೂ ಒಡೀಲಿಲ್ಲ. ಕಾವೇರಿ ಇಬ್ಬರ ಕಾಲಿಗೂ ನಮಸ್ಕಾರ ಮಾಡಿದ್ಲು.

ಅಕ್ಕಗೋಳ, ತಂಗಿಗೋಳ, ಅಣ್ಣಗೋಳ, "ಅವರು ಹಂಗ ಮಾಡಿದ್ರಂತ" ಅನ್ನೂ ಖಬರ ಬಂದ್ರ ಫೋನಿನ್ಯಾಗ ಮುಂದ ಕಳಸಬ್ಯಾಡ್ರಿ. ಎರಡೂ ಕಡಿಯ ನಾಕು ಮಂದಿ ಕೂಡಿ ವಿಚಾರ ಮಾಡ್ರಿ. ಜಗಳ ಆಗಿ ಹೋಗಿದ್ರ, ನೊಂದವರ ಮನಿಗೆ ಹೋಗಿ ಕುಂಡ್ರಿ. ನಿಮ್ಮೂರಾಗ ನೀವು ಕಾಲಿಡದ ಓಣಿ ಒಂದು ಇದ್ದ ಇರತೈತಿ. ಅಲ್ಲಿ ಯಾರಿಗೆ ಏನಾಗೈತಿ, ನಿಮಗ ಗೊತ್ತೈತೇನ್ರಿ? ಇಲ್ಲಂದ್ರ ಇವತ್ತ ಹೋಗ್ರಿ.